ಸೀಟಿನ ಕೆಳಗಿನ ನಲ್ಲಿ

ಮಾರ್ಚ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಗಾಜಿನ ಅಂಚು ಉಜ್ಜುವ ಯಂತ್ರ ನಿಲ್ಲಿಸಿದಾಗ ಗಾಜಿನ ಕೆಲಸದವನಿಗೆ ಕೇಳಿಸಿದ್ದು ತನ್ನದೇ ಪಿಕಪ್ ಗಾಡಿ ಬೀದಿಯ ತಿರುವು ದಾಟುವ ಸದ್ದು. ಹೊರಗೆ ಓಡಿ ಬಂದರೆ ಗಾಡಿ ನಿಲ್ಲಿಸುವ ಜಾಗ ಖಾಲಿ. ಸ್ಟೇರಿಂಗಿಗೆ ಹಾಕುವ ಕಬ್ಬಿಣದ ಸರಳು ಗೋಡೆಗೆ ಒರಗಿತ್ತು. ಬೀಗ ಒಡೆದಿರಲಿಲ್ಲ, ಕೀಲಿಯಿಂದಲೇ ತೆಗೆದಿದ್ದರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಅಮ್ಮ ಇರಲಿಲ್ಲ.

ಕಳ್ಳರಲ್ಲ, ಹೆಂಡತಿ. ಅಮ್ಮನ ಕಾಲಿನ ಪ್ಲಾಸ್ಟರ್ ಬಿಚ್ಚಿಸಲು ಆಸ್ಪತ್ರೆಗೆ ಹೋಗಬೇಕಿತ್ತು. ಟ್ಯಾಕ್ಸಿ ಬರಲಿಲ್ಲವೆಂದು ಗಾಡಿ ತೆಗೆದಿರಬೇಕು. ಅವನು ನಿಟ್ಟುಸಿರು ಬಿಟ್ಟ. ಮರುಗಳಿಗೆಯೇ ಸೀಟಿನ ಕೆಳಗೆ ತಾನು ಮುಚ್ಚಿದ್ದ ನಲ್ಲಿಯ ನೆನಪಾಯಿತು.

ಹಿಂದಿನ ಗಾಡಿ, ಗಾಜು ಹೊರುವ ಓರೆ ಚೌಕಟ್ಟಿನ ಸಮೇತ ಕಳುವಾದಾಗಿನಿಂದ ಅವನಿಗೆ ಸರಿಯಾದ ನಿದ್ದೆ ಇರಲಿಲ್ಲ. ಈ ಗಾಡಿಗೆ ಮೊದಲು ಸರಳು ಬಂತು, ಆಮೇಲೆ ಅಲಾರಂ. ಬೆಕ್ಕು ಹತ್ತಿದರೂ ಅದು ಬಾಯಿ ಬಡಿದುಕೊಳ್ಳುತ್ತಿತ್ತು. ಪಕ್ಕದ ಮನೆಯ ದರ್ಜಿ, ಆ ಬೆಕ್ಕಿಗೂ ಒಂದು ಕೀಲಿ ಮಾಡಿಸಿಕೊಡಪ್ಪ ಎಂದು ಕೈಮುಗಿದಿದ್ದ. ಕೊನೆಗೆ ಅವನು ಸೀಟಿನ ಕೆಳಗೆ, ಪೆಟ್ರೋಲ್ ಕೊಳವೆಗೆ ಒಂದು ಪುಟ್ಟ ನಲ್ಲಿ ಕೂರಿಸಿದ. ನಲ್ಲಿ ಮುಚ್ಚಿದ್ದರೂ ಇಂಜಿನ್ ಸ್ಟಾರ್ಟ್ ಆಗುತ್ತದೆ. ಕಾರ್ಬ್ಯುರೇಟರಿನಲ್ಲಿ ಉಳಿದಷ್ಟು ಪೆಟ್ರೋಲ್ ಉರಿದು ಮುಗಿದ ಮೇಲೆ ನಿಲ್ಲುತ್ತದೆ. ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಓಡಿಸಿ ಅಳೆದಿದ್ದ: ಹೆಚ್ಚುಕಡಿಮೆ ಆರುನೂರ ನಲವತ್ತು ಮೀಟರ್. ಅಂದರೆ ಮನೆಯಿಂದ ಗಾಡಿ ಕದ್ದವನು ನೇರ ರೈಲ್ವೆ ಹಳಿಯ ಹತ್ತಿರ, ಎಲ್ಲರೂ ನೋಡುವ ಜಾಗದಲ್ಲಿ ಸಿಕ್ಕಿಬೀಳುತ್ತಾನೆ. ಆ ದಿನ ಅವನು ಒಬ್ಬನೇ ನಕ್ಕಿದ್ದ. ಹೆಂಡತಿಗೂ ಹೇಳಿರಲಿಲ್ಲ, ಅವಳಿಗೆ ಹೇಳಿದರೆ ಅವಳ ಅಕ್ಕನಿಗೆ, ಅಕ್ಕನಿಂದ ಬೀದಿಗೆಲ್ಲ.

ಹೆಂಡತಿಗೆ ಫೋನ್ ಮಾಡಿದ. ಅವಳ ಫೋನ್ ಅಡುಗೆಮನೆಯಲ್ಲೇ ರಿಂಗಾಯಿತು.

ದರ್ಜಿಯ ಸೈಕಲ್ಲಿಗೆ ಬೀಗವಿರಲಿಲ್ಲ. ಕೇಳದೆ ಹತ್ತಿ ತುಳಿದ. ಹಿಂದಿನಿಂದ ದರ್ಜಿ ಏನೋ ಕೂಗಿದ.

ಆಸ್ಪತ್ರೆ ದಾರಿಯ ರೈಲ್ವೆ ಗೇಟಿಗೆ ಕಾವಲುಗಾರನಿಲ್ಲ. ರೈಲು ಸಮೀಪಿಸಿದಾಗ ಗಂಟೆ ಬಡಿದು ಅಡ್ಡಕಂಬ ತಾನಾಗಿ ಇಳಿಯುತ್ತದೆ. ಹಳಿಯ ಮೇಲೆ ಯಾರ ಗಾಡಿ ನಿಂತಿದೆ ಎಂದು ಅದು ನೋಡುವುದಿಲ್ಲ. ಅಮ್ಮ ತಾನಾಗಿ ಇಳಿಯಲಾರಳು. ಅವಳನ್ನು ಬಿಟ್ಟು ಹೆಂಡತಿ ಇಳಿಯುವವಳಲ್ಲ. ಅವನು ತುಳಿಯುತ್ತಿದ್ದಂತೆ ಗಂಟೆ ಬಡಿಯತೊಡಗಿತು. ಮುಂದೆ ಒಂದು ಬಸ್ಸು, ಅದರಾಚೆ ಏನೂ ಕಾಣದು. ರೈಲು ಉದ್ದಕ್ಕೆ ಸೀಟಿ ಹಾಕಿತು. ನೆಲ ನಡುಗಿತು. ಇನ್ನೊಂದು ಸದ್ದು ಕೇಳುತ್ತದೆಂದು ಅವನು ಹಲ್ಲು ಕಚ್ಚಿ ಕಾದ.

ಕೇಳಲಿಲ್ಲ. ಬೋಗಿಗಳು ಸರಿದುಹೋದವು, ಅಡ್ಡಕಂಬ ಎದ್ದಿತು. ಬಸ್ಸು ಕದಲದೆ ಹಾರ್ನ್ ಒತ್ತತೊಡಗಿತು. ಅದನ್ನು ಬಳಸಿ ಮುಂದೆ ಬಂದರೆ, ಸಾಲಿನ ತುದಿಯಲ್ಲಿ, ಕಂಬದ ಈಚೆಗೆ, ಅವನ ಗಾಡಿ. ಹೆಂಡತಿ ಕೀಲಿ ತಿರುವುತ್ತಿದ್ದಳು. ಇಂಜಿನ್ ಗೊರ ಗೊರ ಅಂದು ಸುಮ್ಮನಾಗುತ್ತಿತ್ತು. ಅವನನ್ನು ಕಂಡೊಡನೆ ಅವಳ ಮುಖ ಸಣ್ಣದಾಯಿತು.

"ಬೈಯ್ಬೇಡಿ ರೀ. ಗೇಟ್ ಹಾಕಿದಾಗ ನಾನು ಇಂಜಿನ್ ಆಫ್ ಮಾಡ್ಲಿಲ್ಲ. ತಾನಾಗೇ ನಿಂತೋಯ್ತು."

ಪೆಟ್ರೋಲ್ ದಂಡ ಎಂದು ಇದೇ ಗೇಟಿನಲ್ಲಿ ಅವಳಿಗೆ ಎಷ್ಟು ಸಲ ಬೈದಿದ್ದನೋ. ಅವಳು ಇವತ್ತು ಅವನ ಮಾತು ಕೇಳಿ ಇಂಜಿನ್ ಆಫ್ ಮಾಡಿದ್ದರೆ, ಉಳಿದ ಆ ನಾಲ್ಕು ಹನಿ ಅವರನ್ನು ಹಳಿಯ ನಡುವಿಗೆ ಒಯ್ದು ಬಿಡುತ್ತಿತ್ತು. ಗೇಟು ತೆರೆದೇ ಇದ್ದಿದ್ದರೂ ಅಷ್ಟೇ.

ಅವನು ಬಗ್ಗಿ, ಅವಳ ಕೈ ಹಿಡಿದು ಸೀಟಿನ ಕೆಳಗಿನ ನಲ್ಲಿಯ ಮೇಲೆ ಇಟ್ಟ. "ಇದು ಮುಚ್ಚಿತ್ತು. ನಿಂಗೆ ಹೇಳಿರ್ಲಿಲ್ಲ. ತಪ್ಪು ನಂದೇ."

ಅವಳು ನಲ್ಲಿಯನ್ನು ನೋಡಿದಳು, ಹಳಿಯನ್ನು ನೋಡಿದಳು. ಕೈ ಕಿತ್ತುಕೊಂಡಳು.

ಅಮ್ಮ ಪ್ಲಾಸ್ಟರಿನ ಕಾಲನ್ನು ಮೆಲ್ಲಗೆ ಸರಿಸಿದಳು. "ಕಳ್ಳ ಆಗಿದ್ರೂ ಅವನಿಗೂ ಒಬ್ಬಳು ಅಮ್ಮ ಇರ್ತಿದ್ಲು ಕಣೋ."

ಬಸ್ಸಿನವರು ಇಳಿದು ಬಂದು ಗಾಡಿಯನ್ನು ಪಕ್ಕಕ್ಕೆ ನೂಕುವ ಮೊದಲು, ಅವನು ಸೊಂಟದಿಂದ ಟೇಪು ಎಳೆದ. ಎರಡು ಸಲ ಅಳೆದ. ಮುಂದಿನ ಬಂಪರಿನಿಂದ ಮೊದಲ ಹಳಿಗೆ ನಾಲ್ಕು ಮೀಟರ್ ಮೂವತ್ತು ಸೆಂಟಿಮೀಟರ್.