ಮಣ್ಣಿನ ಕೇಕಿಗೆ ಹತ್ತಿದ ಮೇಣದಬತ್ತಿ

ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಎಲ್ಲಾ ಗೊತ್ತಿರುವವರು. ಬೋರ್ಡ್ ಓದುವುದಿಲ್ಲ, ದಾರಿ ಕೇಳುವುದಿಲ್ಲ, ಯಾರು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಮ್ಮ ಮನೆಯಲ್ಲಿ ಆ ಮಹಾನುಭಾವರು ನಮ್ಮ ಅಕ್ಕನ ಗಂಡ. ನಲವತ್ತು ವರ್ಷ ಬೇಕರಿಯ ಕಟ್ಟಿಗೆ ಒಲೆಯ ಮುಂದೆ ನಿಂತವರು. ನಾನು ಭಾವ ಅಂತ ಕರೆಯುವುದನ್ನು ಕೇಳಿ ಕೇಳಿ ಬೀದಿಯವರೂ ಅವರನ್ನು ‘ಒಲೆ ಭಾವ’ ಅನ್ನತೊಡಗಿದರು. ಈಗ ಅವರು ಊರಿಗೆಲ್ಲಾ ಭಾವ.

ನಾನು ಹೇಳಹೊರಟಿರುವುದು ಅವರ ಮೊಮ್ಮಗಳು ಪುಟ್ಟಿಯ ಬಲಗಾಲಿನ ಕಥೆ. ಆರು ವರ್ಷದ ಕಾಲು. ಒಂದು ನಿಮಿಷ ಸುಮ್ಮನೆ ನೆಲದ ಮೇಲೆ ನಿಲ್ಲದ ಕಾಲು. ಒಂದು ಬಕೆಟ್ ನೀರು ಹೊತ್ತು ತರಲಾರದ ಸೋಮಾರಿತನಕ್ಕೆ ಆ ಕಾಲನ್ನು ನಾವು ಮೂರು ಜನ ಮುದುಕರು ಸೇರಿ ಸುಟ್ಟೇಬಿಡುತ್ತಿದ್ದೆವು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ರಜೆ ಬಂತೆಂದರೆ ನಮ್ಮ ಬೀದಿಯ ಅರ್ಧ ಜನ ಬೆಟ್ಟದ ಕಾಡಿಗೆ ಹೊರಡುತ್ತಾರೆ. ಅಲ್ಲಿ ಸರ್ಕಾರದ ಕ್ಯಾಂಪ್ ಇದೆ. ಟೆಂಟ್ ಹಾಕಲು ನಂಬರ್ ಬರೆದ ಜಾಗಗಳು, ಒಂದೊಂದು ಜಾಗಕ್ಕೂ ಒಂದು ಮರದ ಮೇಜು, ಬೆಂಕಿ ಹಾಕಲು ನೆಲದಲ್ಲಿ ಹೂತ ಒಂದು ಕಬ್ಬಿಣದ ಬಳೆ. ನಲ್ಲಿ ಇನ್ನೂರು ಹೆಜ್ಜೆ ಆಚೆ. ಶೌಚಾಲಯ ಅದಕ್ಕೂ ಆಚೆ. ನಮಗೆ ಸಿಕ್ಕಿದ್ದು ಹದಿನೇಳನೇ ನಂಬರ್. ನಾನು, ಅಕ್ಕ, ಭಾವ, ಪುಟ್ಟಿ, ನಾಲ್ಕೇ ಜನ. ಪುಟ್ಟಿಯ ಅಮ್ಮನಿಗೆ ರಜೆ ಸಿಕ್ಕಿರಲಿಲ್ಲ. ‘ಜೋಪಾನ ಮಾವ’ ಅಂತ ನನಗೇ ಒಪ್ಪಿಸಿ ಕಳಿಸಿದ್ದಳು.

ಹೋದ ದಿನವೇ ಆ ಕ್ಯಾಂಪಿನ ಗಾರ್ಡ್ ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಖಾಕಿ ಟೋಪಿ, ಕೈಯಲ್ಲೊಂದು ಉದ್ದದ ಕೋಲು. ಮುಖ ನೋಡಿದರೆ ಒಂದೇ ಮಾತನ್ನು ನೂರು ಸಲ ಹೇಳಿ ಸೋತಿರುವುದು ಗೊತ್ತಾಗುತ್ತಿತ್ತು. ಪುಟ್ಟಿ ಅವಳನ್ನು ನೋಡಿದ ಕೂಡಲೇ ಗಾರ್ಡಮ್ಮ ಅಂದಳು. ನಮಗೂ ಅದೇ ಹೆಸರಾಯಿತು.

"ಯಜಮಾನ್ರೇ, ಬೆಂಕಿ ಬಳೆಯೊಳಗೇ ಇರಲಿ. ನಾಳೆ ಹೊರಡೋ ಮುಂಚೆ ನೀರು ಹಾಕಿ. ಕೋಲಿನಲ್ಲಿ ಕಲಕಿ. ಮತ್ತೆ ನೀರು ಹಾಕಿ. ಕೈಗೆ ತಣ್ಣಗೆ ತಾಗೋ ತನಕ ಬಿಡಬೇಡಿ. ಬೇಸಿಗೆ ನೋಡಿ, ತರಗೆಲೆ ಎಲ್ಲಾ ಒಣಗಿ ನಿಂತಿದೆ. ಹನ್ನೊಂದು ಗಂಟೆಗೆ ಗಾಳಿ ಏಳತ್ತೆ."

ಭಾವ ಮುಗುಳ್ನಕ್ಕರು. ನನಗೆ ಆ ನಗು ಚೆನ್ನಾಗಿ ಗೊತ್ತು.

"ನಾನು ಬೇಕರಿಯವನಮ್ಮಾ. ನಲವತ್ತು ವರ್ಷ ಬೆಂಕಿ ಜೊತೆ ಸಂಸಾರ ಮಾಡಿದೀನಿ."

"ನನ್ನ ಜೊತೆ ಮಾಡಿದ್ದು ಅಷ್ಟರಲ್ಲೇ ಇದೆ," ಅಂದಳು ಅಕ್ಕ, ಚಾಪೆ ಕೊಡವುತ್ತಾ.

ಗಾರ್ಡಮ್ಮ ನಗಲಿಲ್ಲ. "ಬೇಕರಿ ಬೆಂಕಿಗೆ ನಾಲ್ಕು ಗೋಡೆ ಇರತ್ತೆ ಯಜಮಾನ್ರೇ. ಇಲ್ಲಿ ಯಾವ ಗೋಡೆ ಇದೆ?" ಅಂದು ಮುಂದಿನ ಜಾಗಕ್ಕೆ ಹೊರಟಳು. ಅಲ್ಲೂ ಅದೇ ಮಾತು ಶುರು ಮಾಡಿದ್ದು ಕೇಳಿಸಿತು.

ಮರುದಿನ ಬೆಳಿಗ್ಗೆ ಚಹಾ ಆಯಿತು, ಬ್ರೆಡ್ ಸುಟ್ಟಿದ್ದಾಯಿತು. ಒಂಬತ್ತು ಗಂಟೆಗೆ ಭಾವ ಸಲಿಕೆ ಕೈಗೆ ತೆಗೆದುಕೊಂಡರು.

"ಭಾವ, ಬಕೆಟ್ ಅಲ್ಲಿದೆ," ಅಂದೆ.

"ಬಕೆಟ್ ಯಾಕೆ?"

"ನೀರು ಹಾಕಬೇಕಂತಲ್ಲ."

"ಲೋ, ಬಿಸಿ ಒಲೆಗೆ ನೀರು ಹಾಕೋನು ಬೇಕರಿಯವನೇ ಅಲ್ಲ. ಇಟ್ಟಿಗೆ ಬಿರುಕು ಬಿಡತ್ತೆ. ನಮ್ಮ ಅಪ್ಪ ನನಗೆ ಒದ್ದು ಕಲಿಸಿದ ಮೊದಲನೇ ಪಾಠ ಅದು."

"ಇದು ಒಲೆ ಅಲ್ಲ ಭಾವ. ಕಬ್ಬಿಣದ ಬಳೆ."

"ಬೆಂಕಿ ಎಲ್ಲಿದ್ರೂ ಬೆಂಕಿಯೇ. ಮಣ್ಣು ಮುಚ್ಚಿದ್ರೆ ಉಸಿರು ಕಟ್ಟಿ ಸಾಯತ್ತೆ."

"ರೀ, ಆ ಹೆಣ್ಣುಮಗಳು ಅಷ್ಟು ಹೇಳಿ ಹೋದ್ಲು. ಒಂದು ಬಕೆಟ್ ತಂದ್ರೆ ನಿಮ್ಮ ಕೈ ಬಿದ್ದು ಹೋಗತ್ತಾ?" ಅಕ್ಕ ಟೆಂಟಿನೊಳಗಿಂದಲೇ ಕೂಗಿದಳು.

"ಇನ್ನೂರು ಹೆಜ್ಜೆ ಕಣೇ! ಹೋಗ್ತಾ ಇನ್ನೂರು, ಬರ್ತಾ ಇನ್ನೂರು!"

"ಬೆಳಿಗ್ಗೆ ವಾಕಿಂಗ್ ಅಂತ ಐದು ಸಾವಿರ ಹೆಜ್ಜೆ ಹಾಕ್ತೀರಲ್ಲ. ಅದು ಯಾರ ಕಾಲು?"

ಭಾವ ಸಲಿಕೆ ಆಡಿಸತೊಡಗಿದರು. ಹೇಳಬೇಕಾದ್ದು ಹೇಳಿಬಿಡುತ್ತೇನೆ. ನಾನೇನೂ ಸಾಚಾ ಅಲ್ಲ. ಬಕೆಟ್ ನನ್ನ ಕಾಲಿನ ಪಕ್ಕದಲ್ಲೇ ಇತ್ತು. ನಾನು ಎದ್ದು ಹೋಗಿ ತರಬಹುದಿತ್ತು. ಕುರ್ಚಿ ಬಿಟ್ಟು ಏಳಲಿಲ್ಲ. ಅವರು ಹಟ ಮಾಡಿದರು, ನಾನು ಚಹಾ ಕುಡಿದೆ.

ಭಾವ ಮಣ್ಣು ಮುಚ್ಚಿದ್ದು ನೋಡಲು ಚೆಂದವಾಗಿತ್ತು, ಸುಳ್ಳು ಹೇಳಬಾರದು. ಕೆಂಡವನ್ನೆಲ್ಲಾ ನಡುವೆ ಒಟ್ಟು ಮಾಡಿದರು. ಮೇಲೆ ಬೂದಿ ಎಳೆದರು. ಅದರ ಮೇಲೆ ನುಣುಪಾದ ಮಣ್ಣು. ಆಮೇಲೆ ಸಲಿಕೆಯ ಬೆನ್ನಿನಿಂದ ತಟ್ಟಿ ತಟ್ಟಿ ಸುತ್ತ ಅಂಚು ತೀಡಿದರು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಹೊಗೆ ಒಂದು ಎಳೆಯೂ ಇಲ್ಲ. "ನೋಡ್ದಾ? ಮುಗೀತು," ಅಂದು ಕೈ ಕೊಡವಿಕೊಂಡರು.

ನಾವು ಟೆಂಟ್ ಬಿಚ್ಚತೊಡಗಿದೆವು. ಗೂಟ ಎಣಿಸಿದರೆ ಒಂದು ಕಡಿಮೆ. ಭಾವ ನನ್ನ ಮೇಲೆ ರೇಗಿದರು, ನಾನು ಅವರ ಮೇಲೆ ರೇಗಿದೆ, ಅಕ್ಕ ಇಬ್ಬರ ಮೇಲೂ ರೇಗಿದಳು. ಗೂಟ ಭಾವನ ಜೇಬಿನಲ್ಲೇ ಇತ್ತು. ಇಷ್ಟರಲ್ಲಿ ಹತ್ತೂವರೆ ದಾಟಿತು. ಮರದ ತುದಿಗಳು ಅಲ್ಲಾಡತೊಡಗಿದವು.

ಪುಟ್ಟಿ ಎಲ್ಲಿ ಅಂತ ಯಾರಿಗೂ ಯೋಚನೆ ಇರಲಿಲ್ಲ. ಅವಳು ಬೇಕರಿ ಮನೆಯ ಹುಡುಗಿ. ದುಂಡಗೆ, ಸಪಾಟಾಗಿ, ಅಂಚು ತೀಡಿದ ವಸ್ತು ಕಣ್ಣಿಗೆ ಬಿದ್ದರೆ ಅವಳಿಗೆ ಅದು ಕೇಕು. ಒಣ ಕಡ್ಡಿಗಳನ್ನು ಆರಿಸಿ ತಂದು, ಭಾವ ತಟ್ಟಿಟ್ಟ ಮಣ್ಣಿಗೆ ಒಂದೊಂದಾಗಿ ಚುಚ್ಚುತ್ತಿದ್ದಳು. ಆರು ವರ್ಷಕ್ಕೆ ಆರು ಕಡ್ಡಿ.

"ತಾತಾ! ತಾತಾ! ಮೇಣದಬತ್ತಿ ತಾನೇ ಹತ್ಕೊಳ್ತು!"

ಭಾವ ತಿರುಗಲೂ ಇಲ್ಲ. "ಹೌದಾ ಪುಟ್ಟೀ? ಊದಿ ಆರಿಸು," ಅಂದರು, ಹಗ್ಗ ಸುತ್ತುತ್ತಾ.

ನಾನು ತಿರುಗಿದೆ. ನಡುವಿನ ಕಡ್ಡಿಯಿಂದ ಹೊಗೆ ಏಳುತ್ತಿತ್ತು. ಗಾಳಿ ಒಮ್ಮೆ ಬೀಸಿತು, ಕಡ್ಡಿಯ ಬುಡದಲ್ಲಿ ಬೆರಳುದ್ದದ ಉರಿ ಎದ್ದಿತು. ಪುಟ್ಟಿ ಕೆನ್ನೆ ಉಬ್ಬಿಸಿಕೊಂಡು, ಹತ್ತಿರದಿಂದ ಊದಲು ಒಂದು ಹೆಜ್ಜೆ ಮುಂದಿಟ್ಟಳು. ಬಲಗಾಲು. ಕೇಕಿನ ಮೇಲೆ.

ಮಣ್ಣು ಕುಸಿಯಿತು.

ಅಕ್ಕನಿಗೆ ಮಂಡಿನೋವು. ಬಸ್ ಹತ್ತಲು ಎರಡು ಜನ ಹಿಡಿಯಬೇಕು. ಆ ಅಕ್ಕ ಟೆಂಟನ್ನು ಹಾರಿ, ನನ್ನನ್ನು ತಳ್ಳಿ, ಮಗುವಿನ ಕೈ ಹಿಡಿದು ಎಳೆದಳು. ಅಷ್ಟರಲ್ಲೇ ಚಪ್ಪಲಿಯ ಅಡಿ ಕರಗಿ ಜೇನಿನ ಹಾಗೆ ಎಳೆ ಎಳೆಯಾಗಿ ಬಂತು. ಪುಟ್ಟಿ ಕಿರುಚಿದ್ದು ಕೇಳಿ ಆಚೆ ಈಚೆ ಟೆಂಟಿನವರೆಲ್ಲ ಎದ್ದು ನಿಂತರು.

ಚಪ್ಪಲಿ ಕಿತ್ತೆಸೆದೆವು. ಹಿಮ್ಮಡಿಯ ಪಕ್ಕದಲ್ಲಿ ಬಿಲ್ಲೆಯಷ್ಟು ಅಗಲ ಕೆಂಪಗಾಗಿತ್ತು. ಭಾವ ಡಬ್ಬ ತೆರೆದು ಬೆಣ್ಣೆ ಎತ್ತಿಕೊಂಡು ಓಡಿ ಬಂದರು.

"ಬೆಣ್ಣೆ ಹಚ್ಚಿ, ಬೆಣ್ಣೆ! ಬೇಕರಿಯಲ್ಲಿ ಸುಟ್ಟಾಗ ನಾವು..."

"ಮುಟ್ಟಬೇಡಿ!" ಗಾರ್ಡಮ್ಮನ ದನಿ. ಜಾಗ ಖಾಲಿ ಆಗಿದೆಯಾ ನೋಡಲು ಬರುತ್ತಿದ್ದವಳು ಓಡಿ ಬಂದಳು. "ಬೆಣ್ಣೆ ಬೇಡ, ಪೇಸ್ಟ್ ಬೇಡ, ಐಸೂ ಬೇಡ. ಎತ್ಕೊಳ್ಳಿ ಮಗೂನ. ನಲ್ಲಿ ಕೆಳಗೆ ಕಾಲು ಹಿಡೀರಿ. ಇಪ್ಪತ್ತು ನಿಮಿಷ. ಗಡಿಯಾರ ನೋಡಿ, ಇಪ್ಪತ್ತು!"

ಭಾವ ಮಗುವನ್ನು ಎತ್ತಿಕೊಂಡು ಓಡಿದರು. ಇನ್ನೂರು ಹೆಜ್ಜೆ. ಎಪ್ಪತ್ತನಾಲ್ಕು ವರ್ಷದ ಮನುಷ್ಯ.

ಗಾರ್ಡಮ್ಮ ಕುಸಿದ ಮಣ್ಣಿನ ಮೇಲೆ, ಮೇಜಿನ ಮೇಲೆ ಉಳಿದಿದ್ದ ನನ್ನ ಚಹಾ ಸುರಿದು, ಉರಿಯುತ್ತಿದ್ದ ಕಡ್ಡಿ ತುಳಿದು, "ಇಲ್ಲೇ ನಿಂತಿರಿ, ಯಾರನ್ನೂ ಹತ್ತಿರ ಬಿಡಬೇಡಿ," ಅಂತ ಪಕ್ಕದ ಟೆಂಟಿನವರನ್ನು ಕಾವಲಿಗೆ ನಿಲ್ಲಿಸಿದಳು. ಆಮೇಲೆ ನಾವೆಲ್ಲ ನಲ್ಲಿಯ ಹತ್ತಿರ ಹೋದೆವು. ಭಾವ ಕಲ್ಲಿನ ಮೇಲೆ ಕೂತು, ಮೊಮ್ಮಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಆ ಪುಟ್ಟ ಪಾದವನ್ನು ನೀರಿಗೆ ಹಿಡಿದಿದ್ದರು. ನೀರು ಅವರ ಪ್ಯಾಂಟು, ಬೂಟು ಎಲ್ಲಾ ತೋಯಿಸಿ ಹರಿಯುತ್ತಿತ್ತು.

"ಹೊಗೆ ಇರಲಿಲ್ಲ ಕಣಮ್ಮಾ," ಅಂದರು ಸಣ್ಣ ದನಿಯಲ್ಲಿ. "ಒಂದು ಎಳೆಯೂ ಇರಲಿಲ್ಲ."

ಗಾರ್ಡಮ್ಮ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಯಜಮಾನ್ರೇ, ಒಂದು ಕೇಳ್ತೀನಿ. ಬೇಕರಿ ಬಾಗಿಲು ಹಾಕುವಾಗ ಒಲೆಯ ಕೆಂಡ ಏನು ಮಾಡ್ತಿದ್ರಿ?"

"ನಡುವೆ ಒಟ್ಟು ಮಾಡಿ, ಮೇಲೆ ಬೂದಿ ಮುಚ್ತಿದ್ದೆ."

"ಯಾಕೆ?"

"ಯಾಕೆ ಅಂದ್ರೆ? ಬೆಳಿಗ್ಗೆ ತನಕ ಉಳೀಬೇಕಲ್ಲ. ಮುಚ್ಚದೆ ಬಿಟ್ರೆ ಉರಿದು ಆರಿ ಹೋಗತ್ತೆ. ಬೂದಿ ಮುಚ್ಚಿದ್ರೆ ಕೆಂಡ ನಿಧಾನಕ್ಕೆ ಬೇಯ್ತಾ ಇರತ್ತೆ. ಬೆಳಿಗ್ಗೆ ಕೆದಕಿ ಒಂದು ಕಡ್ಡಿ ಇಟ್ರೆ ಸಾಕು..."

ಭಾವ ತಲೆ ಎತ್ತಿ ಗಾರ್ಡಮ್ಮನ ಮುಖ ನೋಡಿದರು.

"ಕಡ್ಡಿ ಇಟ್ರೆ ಏನಾಗತ್ತೆ ತಾತ?" ಅಂದಳು ಪುಟ್ಟಿ, ಬಿಕ್ಕುತ್ತಲೇ.

ಭಾವ ಆ ಪಾದವನ್ನು ನೀರಿಗೆ ಇನ್ನಷ್ಟು ಹತ್ತಿರ ಹಿಡಿದರು. ಅಕ್ಕ ಬಿಡುತ್ತಾಳೆಯೇ?

"ಹೇಳ್ರೀ. ಕೂಸು ಕೇಳ್ತಿದೆ. ನಲವತ್ತು ವರ್ಷ ಬೆಂಕಿ ಉಳಿಸೋ ವಿದ್ಯೆ ಮಾಡಿ, ಅದೇ ವಿದ್ಯೇಲಿ ಬೆಂಕಿ ಆರಿಸ್ತೀನಿ ಅಂತ ಕೂತಿದ್ರಲ್ಲ. ಹೇಳಿ!"

"ಹತ್ಕೊಳ್ಳತ್ತೆ ಪುಟ್ಟೀ," ಅಂದರು ಭಾವ. "ಹತ್ಕೊಳ್ಳತ್ತೆ." ಅವರ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಇಪ್ಪತ್ತು ನಿಮಿಷ ಆದ ಮೇಲೆ ಗಾರ್ಡಮ್ಮ ತನ್ನ ಪೆಟ್ಟಿಗೆಯಿಂದ ಸ್ವಚ್ಛವಾದ ಬಟ್ಟೆ ತೆಗೆದು ಸಡಿಲವಾಗಿ ಸುತ್ತಿದಳು. ಡಾಕ್ಟರಿಗೆ ತೋರಿಸಿಯೇ ಮನೆಗೆ ಹೋಗಿ ಅಂದಳು. ಭಾವ ಮಗುವನ್ನು ಅಕ್ಕನ ಕೈಗೆ ಕೊಟ್ಟು, ಹೋಗಿ ನಮ್ಮ ಬಕೆಟ್ ತಂದು ತುಂಬಿದರು. ನಾನೂ ಪಕ್ಕದ ಟೆಂಟಿನವರದೊಂದು ತುಂಬಿದೆ. ಕೇಳಬೇಡಿ, ನನಗೂ ನಾಚಿಕೆ ಆಗಿತ್ತು.

ಮಣ್ಣು ಕೆದಕಿದರೆ ಒಳಗೆ ಕೆಂಡ ನಿಗಿನಿಗಿ. ಬೆಳಗಿನ ಜಾವ ಬೇಕರಿ ಒಲೆ ತೆರೆದ ಹಾಗೆ. ಮೊದಲನೇ ಬಕೆಟ್ಟಿಗೆ ಬುಸ್ಸೆಂದು ಹಬೆ ಎದ್ದಿತು. ಗಾರ್ಡಮ್ಮ ತನ್ನ ಕೋಲು ಕೊಟ್ಟಳು, ಭಾವ ಕಲಕಿದರು. ಅಡಿಯಲ್ಲಿ ಮತ್ತೆ ಕೆಂಪು. ಎರಡನೇ ಬಕೆಟ್. ಕಲಕಿದರು. ಬಳೆಯ ಅಂಚಿನಲ್ಲಿ ಮರದ ಬೇರೊಂದು ಕಪ್ಪಗೆ ಹೊಗೆಯಾಡುತ್ತಿತ್ತು.

"ಇದು ನೋಡಿ," ಅಂದಳು ಗಾರ್ಡಮ್ಮ. "ಈ ಬೇರು ಹಿಡ್ಕೊಂಡು ಬೆಂಕಿ ನೆಲದ ಒಳಗೇ ಹೋಗತ್ತೆ. ನೀವು ಮನೆಗೆ ಹೋಗಿ ಬ್ಯಾಗ್ ಬಿಚ್ಚೋ ಹೊತ್ತಿಗೆ ಇದು ಎಲ್ಲೋ ಮೇಲೆ ಬರತ್ತೆ. ಆಗ ನಾನು ಓಡ್ತೀನಿ, ಇಲ್ಲಿರೋ ಮಕ್ಕಳೆಲ್ಲ ಓಡ್ತಾರೆ. ನೀವು ಟೀವಿಯಲ್ಲಿ ನೋಡಿ ಅಯ್ಯೋ ಪಾಪ ಅಂತೀರ."

ಬೇರಿಗೂ ನೀರು. ಮೂರನೇ ಬಕೆಟ್, ನಾಲ್ಕನೇ ಬಕೆಟ್. ಬೂದಿ ಕೆಸರಾಯಿತು. ಬುಸ್ ಅನ್ನುವುದು ನಿಂತಿತು.

"ಈಗ ಅಂಗೈ ಬೇಡ, ಕೈಯ ಹಿಂಬದಿ. ಮೊದಲು ಮೇಲೆ ಹಿಡಿದು ನೋಡಿ. ಬಿಸಿ ಇಲ್ಲ ಅಂದ್ರೆ ಮುಟ್ಟಿ."

ಭಾವ ಹಿಡಿದರು. ಮುಟ್ಟಿದರು. ನಲವತ್ತು ವರ್ಷ ಒಲೆಯ ಶಾಖ ನೋಡಿದ ಕೈ, ಅದಕ್ಕೆ ಸುಳ್ಳು ಬರುವುದಿಲ್ಲ. "ಉಗುರುಬೆಚ್ಚಗಿದೆ," ಅಂದು ತಾವೇ ಬಕೆಟ್ ಎತ್ತಿಕೊಂಡು ಮತ್ತೆ ನಲ್ಲಿಗೆ ಹೊರಟರು. ಐದನೆಯದಕ್ಕೆ ತಣ್ಣಗಾಯಿತು. ಅಂದ ಹಾಗೆ, ಬಳೆ ಒಂದು ಬಿರುಕೂ ಬಿಡಲಿಲ್ಲ.

ಇಳಿಯುವ ದಾರಿಯಲ್ಲಿ ಡಾಕ್ಟರಿಗೆ ತೋರಿಸಿದೆವು. ಕೂಡಲೇ ನೀರು ಹಿಡಿದಿದ್ದಕ್ಕೆ ಬಚಾವಾಯಿತು, ಹತ್ತು ದಿನದಲ್ಲಿ ಮಾಯುತ್ತದೆ ಅಂದರು. ಮಾಯಿತು. ಪುಟ್ಟಿಯ ಅಮ್ಮ ನನ್ನ ಜೊತೆ ಹದಿನೈದು ದಿನ ಮಾತು ಬಿಟ್ಟಿದ್ದಳು. ಅವಳ ತಪ್ಪೇನಿದೆ?

ಕರಗಿದ ಚಪ್ಪಲಿ ಈಗ ಬೇಕರಿಯಲ್ಲಿ ಒಲೆಯ ಪಕ್ಕದ ಮೊಳೆಗೆ ನೇತಾಡುತ್ತಿದೆ. ಬನ್ ಕೊಳ್ಳಲು ಬಂದವರು, "ಇದೇನು ಭಾವ?" ಅಂತ ಕೇಳುತ್ತಾರೆ. ಭಾವ ಕಥೆಯನ್ನು ಮೊದಲಿಂದ ಹೇಳುತ್ತಾರೆ. ತಮ್ಮ ತಪ್ಪು ಒಂದನ್ನೂ ಬಿಡುವುದಿಲ್ಲ. ಎಲ್ಲಾದರೂ ಬಿಟ್ಟರೆ ಒಳಗಿಂದ ಅಕ್ಕ ನೆನಪಿಸುತ್ತಾಳೆ.

ಈ ರಜೆಗೂ ನಾವು ಹೋಗಿದ್ದೆವು. ಹೊರಡುವ ಹೊತ್ತಿಗೆ ಪುಟ್ಟಿ ಕಾರು ಹತ್ತಲಿಲ್ಲ. ಬಳೆಯ ಪಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ತಾತ, ಕೈ ಇಡು."

"ಆಗಲೇ ಇಟ್ಟೆನಲ್ಲೇ!"

"ನಾನು ನೋಡ್ಲಿಲ್ಲ. ಮತ್ತೆ ಇಡು."

ಇಟ್ಟರು. ಆಮೇಲೆ ನನ್ನನ್ನೂ ಕರೆದಳು. ನಾನೂ ಇಟ್ಟೆ.

ಈಗ ನಿಮ್ಮ ಸರದಿ. ಕಾಡಿಗೆ ಹೋಗುವವರೆಲ್ಲ ಕೇಳಿಸಿಕೊಳ್ಳಿ. ಟೆಂಟ್ ಮರೆತರೂ ಬಕೆಟ್ ಮರೆಯಬೇಡಿ. ಬೆಂಕಿಗೆ ಮಣ್ಣು ಮುಚ್ಚಿ ಬರಬೇಡಿ, ಅದು ಬೆಂಕಿಗೆ ಹೊದಿಕೆ ಹೊದಿಸಿದ ಹಾಗೆ. ನೀರು ಹಾಕಿ, ಕಲಕಿ, ಮತ್ತೆ ನೀರು ಹಾಕಿ. ಹೊಗೆ ಇಲ್ಲ ಅಂತ ಕಣ್ಣು ಹೇಳಿದರೆ ನಂಬಬೇಡಿ, ಕೈಯನ್ನು ಕೇಳಿ. ನೀವು ಬಿಟ್ಟು ಬಂದ ಜಾಗಕ್ಕೆ ಇನ್ನೊಬ್ಬರ ಮನೆಯ ಪುಟ್ಟಿ ಬರುತ್ತಾಳೆ, ಬರಿಗಾಲಲ್ಲಿ ಓಡುತ್ತಾಳೆ.

ಆ ಬೂದಿಗೆ ಕೈ ಇಡಲು ನಿಮಗೆ ಹೆದರಿಕೆ ಆಗುತ್ತಿದೆಯೇ? ಹಾಗಾದರೆ ಅದು ಇನ್ನೂ ಆರಿಲ್ಲ. ಸುಮ್ಮನೆ ನಿಂತು ನನ್ನ ಮುಖ ಏನು ನೋಡುತ್ತೀರಿ? ಹೋಗಿ, ಇನ್ನೊಂದು ಬಕೆಟ್ ತನ್ನಿ.