ಕಳೆದ ವಸ್ತುವಿನ ವಿವರ

ಪರೋಪಕಾರಿ ಎಂಬ ಹೆಸರು ನನಗೇನೂ ಬೇಕಿರಲಿಲ್ಲ. ತಾನಾಗಿ ಬಂದು ಅಂಟಿಕೊಂಡಿತು. 2001ರಲ್ಲಿ ಆಸ್ಟಿನ್ನಿನ ನಮ್ಮ ಕಂಪನಿ ಅರ್ಧಕ್ಕರ್ಧ ಜನರನ್ನು ಮನೆಗೆ ಕಳಿಸಿದಾಗ ನಾನೂ ಏಳು ತಿಂಗಳು ಸೋಫಾ ಸವೆಸಿದೆ. ಆಗ ಪಕ್ಕದ ರಸ್ತೆಯ ಗರಾಜ್ ಸೇಲಿನಲ್ಲಿ ಒಂದು ಮೆಟಲ್ ಡಿಟೆಕ್ಟರ್ ಸಿಕ್ಕಿತು. ಕೋಲಿನ ತುದಿಗೆ ತಟ್ಟೆ ಕಟ್ಟಿದಂಥ ಯಂತ್ರ. ನೆಲದೊಳಗೆ ಲೋಹವಿದ್ದರೆ ಕಿವಿಯಲ್ಲಿ ಕುಂಯ್ ಎನ್ನುತ್ತದೆ. ನನ್ನ ಹೆಂಡತಿ ಲೀಲಾವತಿ ಅದನ್ನು ನೋಡಿ, ಇದೊಂದು ಬಾಕಿ ಇತ್ತು ಎಂದಳು. ಆಮೇಲೆ ಕೆಲಸ ಸಿಕ್ಕಿತು, ಯಂತ್ರ ಮಾತ್ರ ಕೈ ಬಿಡಲಿಲ್ಲ. ಕನ್ನಡ ಸಂಘದ ಪಿಕ್‌ನಿಕ್ಕುಗಳಲ್ಲಿ ಬಿದ್ದುಹೋದ ಓಲೆ, ಉಂಗುರ, ಕಾಲುಂಗುರಗಳನ್ನು ಹುಡುಕಿಕೊಟ್ಟು ಹುಡುಕಿಕೊಟ್ಟು, ಏನು ಕಳೆದರೂ ಗೋವಿಂದರಾಜು ಅಂಕಲ್‌ಗೆ ಫೋನ್ ಮಾಡಿ ಎನ್ನುವ ಹಾಗಾಯಿತು.

ಈ ಯಂತ್ರ ಹಿಡಿದು ತಿರುಗುವವರದೇ ಒಂದು ಕ್ಲಬ್ಬು ಊರಲ್ಲಿತ್ತು. ಸುಮಾರು ಮೂವತ್ತು ಜನ, ಹೆಚ್ಚಿನವರು ರಿಟೈರಾದವರು, ಎಲ್ಲರಿಗೂ ಮೂಗಿನ ತುದಿಯಲ್ಲೇ ಕೋಪ. ಸೆಕ್ರೆಟರಿಯಾಗಲು ಯಾರೂ ಮುಂದೆ ಬರದ್ದರಿಂದ ನಾನಾದೆ. ಸೆಕ್ರೆಟರಿಯ ಕೆಲಸವೆಂದರೆ ಜಗಳ ಬಿಡಿಸುವುದು. ಒಬ್ಬ ಪಾರ್ಕಿನಲ್ಲಿ ಗುಂಡಿ ತೋಡಿ ಮುಚ್ಚದೆ ಹೋಗುತ್ತಾನೆ, ಫುಟ್‌ಬಾಲ್ ಆಡುವ ಮಗುವೊಂದು ಅದರಲ್ಲಿ ಕಾಲು ತಿರುಚಿಕೊಳ್ಳುತ್ತದೆ, ಮಗುವಿನ ತಾಯಿ ಪಾರ್ಕ್ ಆಫೀಸಿನಲ್ಲಿ ರಂಪ ಮಾಡುತ್ತಾಳೆ. ಕೊನೆಗೆ ಎಲ್ಲರೂ ಬೈಯುವುದು ನನ್ನನ್ನು.

2003ರ ಫೆಬ್ರವರಿಯಲ್ಲಿ ಪಾರ್ಕ್ ಆಫೀಸಿನವರು ಡಿಟೆಕ್ಟರನ್ನೇ ನಿಷೇಧಿಸಲು ಹೊರಟಿದ್ದರು. ಪಾರ್ಕಿನ ಉಸ್ತುವಾರಿಯ ಡೆಲ್ಗಾಡೊ ಎಂಬಾಕೆಯ ಜೊತೆ ನಾಲ್ಕು ಸಲ ಕೂತು ಒಂದು ಒಪ್ಪಂದ ಮಾಡಿಕೊಂಡೆ. ಯಾರೂ ಸುಮ್ಮನೆ ಅಗೆಯುವ ಹಾಗಿಲ್ಲ. ವಸ್ತು ಕಳೆದವರ ಪರವಾಗಿ ಫಾರಂ ತುಂಬಬೇಕು, ಕಳೆದ ವಸ್ತುವಿನ ವಿವರ ಬರೆಯಬೇಕು, ಎರಡು ದಿನದಲ್ಲಿ ಪರ್ಮಿಟ್ ಬರುತ್ತದೆ. ಪರ್ಮಿಟ್ ಇಲ್ಲದೆ ತೆಗೆದದ್ದೆಲ್ಲ ಸಿಟಿಗೆ ಸೇರಿದ್ದು. ಹಾವೂ ಸಾಯದ, ಕೋಲೂ ಮುರಿಯದ ಈ ಒಪ್ಪಂದದ ಬಗ್ಗೆ ನನಗೆ ಜಂಬವಿತ್ತು. ಸುಳ್ಳು ಯಾಕೆ ಹೇಳಲಿ, ತುಂಬಾ ಜಂಬವಿತ್ತು.

ಏಪ್ರಿಲ್‌ನ ಒಂದು ಶನಿವಾರ ಸಂಜೆ ಆಸ್ಟಿನ್ನಿನ ಪಕ್ಕದ ಲಿಯಾಂಡರ್‌ನಿಂದ ಜಯದೇವಿಯ ಫೋನ್ ಬಂತು. ಆಕೆ ಸಂಘದಲ್ಲಿ ಪರಿಚಯದವಳು, ಗಂಡ ಪ್ರಾಜೆಕ್ಟಿನ ಮೇಲೆ ಡಲ್ಲಾಸ್‌ನಲ್ಲಿದ್ದ. ಅವಳ ತಂದೆ ಮಹಾಂತಪ್ಪನವರು ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ವಯಸ್ಸು ಅರವತ್ತೆಂಟು, ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ಮಧ್ಯಾಹ್ನ ಅದೇ ಪಾರ್ಕಿನ ಇಳಿಜಾರಿನಲ್ಲಿ ಮೊಮ್ಮಗಳು ಸಿಯಾಳ ಹಿಂದೆ ಓಡಾಡಿದ್ದರಂತೆ. ಮನೆಗೆ ಬಂದು ಸ್ನಾನಕ್ಕೆ ಅಂಗಿ ತೆಗೆದರೆ ಕೊರಳಲ್ಲಿ ಬರೀ ಹರಿದ ಶಿವದಾರ. ಬೆಳ್ಳಿಯ ಕರಡಿಗೆ ಇಲ್ಲ, ಅದರೊಳಗಿನ ಪುಟ್ಟ ಕಪ್ಪು ಕಲ್ಲಿನ ಇಷ್ಟಲಿಂಗವೂ ಇಲ್ಲ. ಕತ್ತಲಾಗುವವರೆಗೆ ಹುಲ್ಲಿನಲ್ಲಿ ತಡಕಾಡಿ ಬರಿಗೈಯಲ್ಲಿ ಬಂದಿದ್ದರು.

ಲಿಂಗಪೂಜೆ ಆಗದೆ ಅವರು ಬಾಯಿಗೆ ಏನೂ ಹಾಕುವುದಿಲ್ಲ ಎಂದಳು ಜಯದೇವಿ. ತಾನು ಅತ್ತದ್ದಕ್ಕೆ ಸೋತು ನೀರು ಕುಡಿಯಲು ಒಪ್ಪಿದ್ದಾರೆ, ಅಷ್ಟೇ. ಅವರಿಗೆ ಶುಗರ್ ಬೇರೆ ಇತ್ತು.

ಮಾರನೆಯ ಬೆಳಿಗ್ಗೆ ಅವರ ಮನೆಗೆ ಹೋದೆ. ಮಹಾಂತಪ್ಪನವರು ಹಾಲ್‌ನ ಕುರ್ಚಿಯಲ್ಲಿ ಹಣೆಗೆ ವಿಭೂತಿ ಹಚ್ಚಿಕೊಂಡು ಕೂತಿದ್ದರು. ನಮಸ್ಕಾರ ಎಂದೆ, ಅವರೂ ಕೈ ಮುಗಿದರು. ಅಡುಗೆಮನೆಯಲ್ಲಿ ನಿಂತು ಜಯದೇವಿಯ ಹತ್ತಿರ ಎಲ್ಲ ವಿಚಾರಿಸಿದೆ: ಎಲ್ಲಿ ಕೂತಿದ್ದರು, ಎಷ್ಟು ಹೊತ್ತಿಗೆ, ಡಬ್ಬಿ ಎಷ್ಟು ದೊಡ್ಡದು. ಕೋಳಿಮೊಟ್ಟೆಯಷ್ಟು ಎಂದಳು. ಅಷ್ಟು ಸಾಕು ನನಗೆ, ಬುಧವಾರದೊಳಗೆ ತಂದುಕೊಡ್ತೀನಿ ಎಂದು ಹೇಳಿ ಬಂದೆ.

ಯಂತ್ರ ಕಾರಿನಲ್ಲೇ ಇತ್ತು. ಹೋಗಿ ಹುಡುಕಿಬಿಡಬಹುದಿತ್ತು. ಆದರೆ ನಿಯಮ ಬರೆದವನೇ ನಾನು. ಬೇಲಿಯೇ ಎದ್ದು ಹೊಲ ಮೇಯ್ದರೆ ನಾಳೆ ಯಾರಿಗೆ ಬುದ್ಧಿ ಹೇಳುವುದು? ಮನೆಗೆ ಬಂದು ಫಾರಂ ತುಂಬಿದೆ. ಕಳೆದ ವಸ್ತುವಿನ ವಿವರ ಎಂಬಲ್ಲಿ ಸ್ವಲ್ಪ ಯೋಚಿಸಿದೆ. ಇಷ್ಟಲಿಂಗ ಎಂದು ಬರೆದರೆ ಡೆಲ್ಗಾಡೊಗೆ ಅರ್ಥವಾಗುವುದಿಲ್ಲ. ಪೂಜೆಯ ವಸ್ತು ಎಂದರೆ ಫಾರಂ ಇನ್ನೊಂದು ಮೇಜಿಗೆ ಹೋಗಿ ಹತ್ತು ದಿನ ಕೂರುತ್ತದೆ ಎಂದು ನನ್ನ ಲೆಕ್ಕಾಚಾರ. ಯಂತ್ರಕ್ಕೆ ಕೇಳಿಸುವುದಂತೂ ಲೋಹ ಮಾತ್ರ. ಹಾಗಾಗಿ "ಬೆಳ್ಳಿ ಡಬ್ಬಿ, ಕೋಳಿಮೊಟ್ಟೆಯಷ್ಟು ದೊಡ್ಡದು" ಎಂದು ಇಂಗ್ಲಿಷಿನಲ್ಲಿ ಬರೆದೆ. ಅದನ್ನೇ ಕ್ಲಬ್ಬಿನವರಿಗೆಲ್ಲ ಈಮೇಲ್ ಮಾಡಿ, ಯಾರ ಕಣ್ಣಿಗಾದರೂ ಬಿದ್ದರೆ ಪಾರ್ಕ್ ಆಫೀಸಿಗೆ ಕೊಡಿ ಎಂದು ಸೇರಿಸಿದೆ. ಚೊಕ್ಕವಾಗಿ ಬರೆದಿದ್ದೇನೆ ಅನ್ನಿಸಿತು.

ಕ್ಲಬ್ಬಿನಲ್ಲಿ ಅರ್ಲ್ ಎಂಬ ಮುದುಕನಿದ್ದ. ಪೈಪ್ ಜೋಡಿಸುವ ಕೆಲಸ ಮಾಡಿ ರಿಟೈರಾದವನು, ನನ್ನ ಒಪ್ಪಂದದ ಮೊದಲ ವೈರಿ. ನಲವತ್ತು ವರ್ಷದಿಂದ ಈ ಪಾರ್ಕಿನಲ್ಲಿ ಓಡಾಡುತ್ತಿದ್ದೇನೆ, ನನಗೆ ಯಾವನ ಪರ್ಮಿಟ್ ಎಂದು ಮೀಟಿಂಗಿನಲ್ಲಿ ಕೂಗಾಡಿದ್ದ. ಅವನು ಈಮೇಲ್ ನೋಡಿದವನೇ ಭಾನುವಾರ ಸಂಜೆ ಪಾರ್ಕಿಗೆ ಹೋಗಿ, ಇಳಿಜಾರಿನಲ್ಲಿ ಮುಕ್ಕಾಲು ಗಂಟೆ ಯಂತ್ರ ಆಡಿಸಿ ಕರಡಿಗೆ ಪತ್ತೆ ಮಾಡಿದ. ಸೋಮವಾರ ಬೆಳಿಗ್ಗೆ ಅದನ್ನು ಆಫೀಸಿಗೆ ತಂದುಕೊಟ್ಟ. ಪರ್ಮಿಟ್ ಎಲ್ಲಿ ಎಂದಳು ಡೆಲ್ಗಾಡೊ. ಒಳ್ಳೆ ಕೆಲಸಕ್ಕೆ ಯಾರಪ್ಪನ ಪರ್ಮಿಟ್ ಬೇಕು ಎಂಬರ್ಥದಲ್ಲಿ ಇವನು ಏನೋ ಅಂದ. ಆಕೆ ಕರಡಿಗೆಯನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದಳು; ಇದು ಈಗ ಸಿಟಿಯ ಸ್ವತ್ತು, ಅರ್ಲ್ ಇನ್ನು ಪಾರ್ಕಿಗೆ ಕಾಲಿಡುವ ಹಾಗಿಲ್ಲ, ಕ್ಲಬ್ಬಿನ ಒಪ್ಪಂದವೂ ರದ್ದು ಎಂದಳು.

ಆವತ್ತು ನನ್ನ ಫೋನಿಗೆ ಬಿಡುವಿಲ್ಲ. ಅರ್ಧ ಕ್ಲಬ್ಬು ಅರ್ಲ್ ಕಡೆ, ಇನ್ನರ್ಧ ನಿಯಮದ ಕಡೆ. ಅರ್ಲ್ ಅಂತೂ ಡಬ್ಬಿ ನನಗೆ ವಾಪಸು ಕೊಟ್ಟರೆ ನಾನೇ ಮಾಲೀಕರಿಗೆ ತಲುಪಿಸುತ್ತೇನೆ, ಆ ಹೆಂಗಸಿನ ಕೈಯಿಂದ ಬೇಡ ಎಂದು ಹಟ ಹಿಡಿದ. ಲೀಲಾವತಿ, "ಊರ ಉಸಾಬರಿಯೆಲ್ಲ ನಿಮಗೇ ಬೇಕು ನೋಡಿ" ಎಂದಳು. ಸಂಜೆ ಮತ್ತೆ ಲಿಯಾಂಡರ್‌ಗೆ ಹೋಗಿ, ಕರಡಿಗೆ ಸಿಕ್ಕಿದೆ, ಒಂದು ದಿನ ತಡ್ಕೊಳ್ಳಿ ಎಂದು ಜಯದೇವಿಗೆ ಬಾಗಿಲಲ್ಲೇ ಹೇಳಿದೆ. ಹಾಲ್‌ನಲ್ಲಿ ಮಹಾಂತಪ್ಪನವರು ಕುರ್ಚಿಯ ಕೈ ಹಿಡಿದು ಏಳಲು ನೋಡಿ ಆಗದೆ ಕೂತರು. ಅವರ ತುಟಿ ಒಣಗಿ ಬಿರಿದಿತ್ತು. ನನಗೆ ಹೆದರಿಕೆಯಾಯಿತು.

ಮಂಗಳವಾರ ರಜೆ ಹಾಕಿ ಅರ್ಲ್, ಡೆಲ್ಗಾಡೊ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದೆ. ಎರಡೂವರೆ ಗಂಟೆ ಹಿಡಿಯಿತು. ಅರ್ಲ್ ತಪ್ಪೊಪ್ಪಿ ಒಂದು ಸಾಲು ಬರೆದುಕೊಟ್ಟು ಆರು ತಿಂಗಳು ಪಾರ್ಕಿಗೆ ಬರಬಾರದು, ಒಪ್ಪಂದ ಉಳಿಯಬೇಕು, ಡಬ್ಬಿಯನ್ನು ಮಾಲೀಕರ ಪರವಾಗಿ ನನ್ನ ಕೈಗೆ ಕೊಡಬೇಕು. ಕೊನೆಗೆ ಇಬ್ಬರೂ ಒಪ್ಪಿದರು. ಡೆಲ್ಗಾಡೊ ಡ್ರಾಯರ್ ತೆಗೆದು ಫಾರಂ ಓದಿದಳು: ಬೆಳ್ಳಿ ಡಬ್ಬಿ, ಕೋಳಿಮೊಟ್ಟೆಯಷ್ಟು. ಸರಿಯಾಗಿದೆ ಎಂದಳು. ತೆಗೆದು ನೋಡಲೇ ಎಂದೂ ಕೇಳಿದಳು. ನಾನೇ ಬೇಡವೆಂದೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು ಎನ್ನುವಷ್ಟು ನನಗೂ ತಿಳಿದಿತ್ತು. ಇದನ್ನು ಅದರ ಯಜಮಾನರೇ ತೆಗೆಯಬೇಕು, ನಮ್ಮಲ್ಲಿ ಹಾಗೆ ಎಂದು ಗಂಭೀರವಾಗಿ ಹೇಳಿ, ಒಗೆದ ಕರವಸ್ತ್ರದಲ್ಲಿ ಅದನ್ನು ಎತ್ತಿಕೊಂಡೆ. ಬೆಳ್ಳಿ ಫಳಫಳ ಹೊಳೆಯುತ್ತಿತ್ತು. ಟೂತ್‌ಪೇಸ್ಟ್ ಹಾಕಿ ಉಜ್ಜಿದ್ದೇನೆ, ಆ ಮುದುಕನಿಗೆ ಹೇಳು ಎಂದ ಅರ್ಲ್. ಅವನ ಕೈ ಕುಲುಕಿದೆ.

ಲಿಯಾಂಡರ್ ಮುಟ್ಟುವಷ್ಟರಲ್ಲಿ ಮಹಾಂತಪ್ಪನವರಿಗೆ ಸ್ನಾನವಾಗಿತ್ತು. ಮಗಳು ಹಾಲ್‌ನಲ್ಲಿ ಮಣೆ ಹಾಕಿ, ತಂಬಿಗೆಯಲ್ಲಿ ನೀರು, ಬಿಲ್ವದ ಬದಲು ಅಂಗಳದ ನಾಲ್ಕು ಹೂವು ಇಟ್ಟಿದ್ದಳು. ಅಡುಗೆಮನೆಯಿಂದ ಬೇಯುವ ಬೇಳೆಯ ವಾಸನೆ ಬರುತ್ತಿತ್ತು. ಅವರು ಎರಡೂ ಕೈಯಲ್ಲಿ ಕರಡಿಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಮುಚ್ಚಳ ತೆಗೆದು, ಎಡಗೈಯನ್ನು ಎದೆಯ ಮಟ್ಟಕ್ಕೆ ಚಾಚಿ, ಅಂಗೈ ಮೇಲೆ ಅದನ್ನು ಬೋರಲು ಹಾಕಿದರು. ಏನೂ ಬೀಳಲಿಲ್ಲ.

ಒಳಗೆ ಬೆರಳಾಡಿಸಿ ನೋಡಿದರು. ಅಲ್ಲೂ ಉಜ್ಜಿ ತೊಳೆದಿತ್ತು. ಕರಡಿಗೆಯನ್ನು ಮಣೆಯ ಪಕ್ಕಕ್ಕಿಟ್ಟರು, ಚಾಚಿದ ಅಂಗೈಯನ್ನು ಮಾತ್ರ ತುಂಬಾ ಹೊತ್ತು ಇಳಿಸಲಿಲ್ಲ. ಜಯದೇವಿ ಒಳಗೆ ಹೋಗಿ ಒಲೆ ಆರಿಸಿದಳು.

ಅಂಗಳಕ್ಕೆ ಬಂದು ಅರ್ಲ್‌ಗೆ ಫೋನ್ ಮಾಡಿದೆ. ಅವನ ದನಿಯಲ್ಲಿ ಕಳ್ಳತನವೇನೂ ಇರಲಿಲ್ಲ. ಹೌದು, ಒಳಗೊಂದು ಬಟ್ಟೆ ಚೂರು, ಅದರಲ್ಲಿ ಸುತ್ತಿದ ಒಣಗಿದ ಟಾರಿನ ಉಂಡೆಯಂಥದ್ದು ಇತ್ತು ಎಂದ. ನೀನು ಬರೆದದ್ದು ಡಬ್ಬಿ ಎಂದಲ್ಲವೇ, ಕೊಳೆ ಸಮೇತ ಹೇಗೆ ಕೊಡುವುದು ಎಂದು ಪಾರ್ಕಿನ ಕಸದ ಡ್ರಮ್ಮಿಗೆ ಕೊಡವಿದೆ ಎಂದ. ಡೆಲ್ಗಾಡೊಗೆ ಫೋನ್ ಮಾಡಿದೆ. ಡ್ರಮ್ಮು ಸೋಮವಾರ ಬೆಳಿಗ್ಗೆಯೇ ಖಾಲಿಯಾಗಿತ್ತು.

ನಾನು ಅವಳಿಗೆ ಅದೇನೆಂದು ಆಗ ಹೇಳಿದೆ. ಎರಡು ದಿನ ತಡವಾಗಿ ಹೇಳಿದೆ. ಆಕೆ, ಇದನ್ನು ಫಾರಂನಲ್ಲಿ ಬರೆದಿದ್ದರೆ ಅವತ್ತೇ ಪರ್ಮಿಟ್ ಕೊಡುತ್ತಿದ್ದೆನಲ್ಲ ಎಂದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಅನ್ನುತ್ತಾರಲ್ಲ, ಇಲ್ಲಿ ಅಪ್ಪನೂ ಇಲ್ಲದ ಹಾಗೆ ಮಾಡಿಟ್ಟಿದ್ದೆ. ನಾಚಿಕೆಯಿಂದ ಅಂಗಳದಲ್ಲೇ ನಿಂತೆ. ಆದರೂ ಆಕೆ ಅರ್ಲ್‌ಗೆ ತಾನೇ ಫೋನ್ ಮಾಡಿ ಬರಹೇಳಿದಳು. ಆ ಮಧ್ಯಾಹ್ನ ಅವಳು, ಅವನು, ನಾನು ಮೂವರೂ ಡ್ರಮ್ಮಿನ ಸುತ್ತ ಮೊಣಕಾಲೂರಿ, ಕೊಡವಿದಾಗ ಆಚೆ ಸಿಡಿದಿರಬಹುದೆಂದು ಜಲ್ಲಿಯನ್ನು ಒಂದೊಂದಾಗಿ ಎತ್ತಿ ನೋಡಿದೆವು. ಕಲ್ಲಿಗೆ ಯಂತ್ರ ಕುಂಯ್ ಎನ್ನುವುದಿಲ್ಲ. ಅಲ್ಲಿದ್ದದ್ದೆಲ್ಲ ಬರೀ ಕಪ್ಪು ಕಲ್ಲು. ಅರ್ಲ್ ಕಣ್ಣೊರೆಸಿಕೊಂಡದ್ದನ್ನು ನೋಡಿಯೂ ನೋಡದ ಹಾಗೆ ಇದ್ದೆವು.

ಆ ರಾತ್ರಿಯೊಳಗೆ ಜಯದೇವಿ ಅಲ್ಲಿ ಇಲ್ಲಿ ಫೋನ್ ಮಾಡಿ, ಹ್ಯೂಸ್ಟನ್ನಿನ ಒಂದು ಮನೆಯಲ್ಲಿ ಕರ್ನಾಟಕದಿಂದ ಬಂದ ಸ್ವಾಮಿಗಳು ಇಳಿದುಕೊಂಡಿದ್ದಾರೆ, ಅವರು ಹೊಸ ಲಿಂಗ ಕೊಟ್ಟು ದೀಕ್ಷೆ ಮಾಡುತ್ತಾರೆ ಎಂದು ಪತ್ತೆ ಹಚ್ಚಿದಳು. ಬುಧವಾರ ಕರೆದುಕೊಂಡು ಹೋಗುವ ಕೆಲಸ ನಾನು ಕೇಳಿ ಪಡೆದೆ. ಸಿಯಾಳಿಗೆ ಸ್ಕೂಲ್ ಇದ್ದುದರಿಂದ ಜಯದೇವಿ ಬರಲಿಲ್ಲ. ಮೂರು ಗಂಟೆಯ ದಾರಿಯಲ್ಲಿ ಮಹಾಂತಪ್ಪನವರು ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು. ಎರಡು ಸಲ ಕಾರು ನಿಲ್ಲಿಸಿ ಉಸಿರಾಡುತ್ತಿದ್ದಾರೆಯೇ ಎಂದು ನೋಡಿದೆ.

ಅಲ್ಲಿ ದೀಕ್ಷೆಗೆ ಒಂದು ಗಂಟೆ ಹಿಡಿಯಿತು. ನಾನು ಹೊರಗೆ ಕೂತಿದ್ದೆ. ಆಮೇಲೆ ಆ ಮನೆಯವರು ಊಟಕ್ಕೆ ಎಬ್ಬಿಸಿದರು. ಮಹಾಂತಪ್ಪನವರು ಮೆತ್ತಗಿನ ಅನ್ನ, ತಿಳಿಸಾರನ್ನು ನಿಧಾನವಾಗಿ ಉಂಡರು. ನಾಲ್ಕನೆಯ ದಿನಕ್ಕೆ ಮೊದಲ ತುತ್ತು ಒಳಗೆ ಹೋದದ್ದನ್ನು ಕಣ್ಣಾರೆ ನೋಡಿದ ಮೇಲೆ ನನಗೂ ಹಸಿವಾಯಿತು. ಮುಗಿಯಿತು, ಸದ್ಯ ಬಚಾವಾದೆ ಅಂದುಕೊಂಡೆ.

ವಾಪಸು ಬರುವಾಗ ರಸ್ತೆಯ ಎರಡೂ ಬದಿ ಏಪ್ರಿಲ್‌ನ ನೀಲಿ ಹೂವು ಇನ್ನೂ ಇತ್ತು. ಅವರು ಕಿಟಕಿಯಾಚೆ ನೋಡುತ್ತಿದ್ದರು. ಮನೆ ಮುಟ್ಟುವ ಮೊದಲೇ ಹೇಳಿಬಿಟ್ಟೆ.

"ಯಜಮಾನ್ರೇ, ತಪ್ಪು ಅರ್ಲ್‌ದಲ್ಲ. ಫಾರಂನಲ್ಲಿ ಬರೀ ಬೆಳ್ಳಿ ಡಬ್ಬಿ ಅಂತ ಬರೆದೋನು ನಾನು. ಕ್ಷಮಿಸಬೇಕು."

ಅವರ ಕೈ ಅಂಗಿಯ ಮೇಲೆ ಹೋಗಿ ಹೊಸ ಲಿಂಗವನ್ನು ಮುಟ್ಟಿ ನೋಡಿಕೊಂಡಿತು.

"ಅಂವಂದೂ ಅಲ್ರಿ, ನಿಮ್ದೂ ಅಲ್ಲ. ದಾರ ಹರಿದಿದ್ದು ನಂದು" ಎಂದರು. "ಆ ಲಿಂಗ ಅಯ್ನೋರು ಕೊಟ್ಟಿದ್ದು, ತೊಟ್ಟಿಲದಾಗ ನಮ್ಮವ್ವ ತನ್ನ ಕೈಯಾರೆ ನನ್ನ ಕೊಳ್ಳಾಗ ಕಟ್ಟಿದ್ಲು. ಅರವತ್ತೆಂಟು ವರ್ಷ ಒಂದು ದಿನಾನೂ ಬಿಚ್ಚಿದ್ದಿಲ್ಲ." ಸಿಟ್ಟಿಲ್ಲದ ದನಿಯಲ್ಲೇ ಸೇರಿಸಿದರು. "ನೀವು ಮನೀಗೆ ಮೂರು ಸಲ ಬಂದ್ರಿ. ಏನು ಕಳಕೊಂಡೀರಿ ಅಂತ ನನ್ನ ಒಮ್ಮೆ ಕೇಳಿದ್ರ, ಹೇಳ್ತಿದ್ದೆರಿ."

ನಾನು ರಸ್ತೆ ನೋಡುತ್ತ ಡ್ರೈವ್ ಮಾಡಿದೆ. ಆಸ್ಟಿನ್ನಿಗೆ ಇನ್ನೂ ಎಂಬತ್ತು ಮೈಲಿ ಇತ್ತು. ಹತ್ತು ಮೈಲಿ ದಾಟಿದ ಮೇಲೆ, ಏನು ಕಳಕೊಂಡಿರಿ ಎಂದು ಕೇಳಿದೆ. ಲಿಯಾಂಡರ್‌ನ ಮನೆ ಬರುವವರೆಗೂ ಅವರು ಹೇಳುತ್ತಲೇ ಇದ್ದರು.