ಒಳಗಾದ ಜಗಲಿ

ಸುಂಕದಕಟ್ಟೆಯಲ್ಲಿ ಮಾಗಡಿ ರಸ್ತೆಗೆ ಮುಖ ಮಾಡಿ ನಿಂತಿದ್ದ ಕಲ್ಲಿನ ಛತ್ರವನ್ನು ಸೌಂದರ್ಯಾ ಮತ್ತು ಅವಳ ಗಂಡ ಉದಯಕುಮಾರ್ ಕೊಂಡಾಗ ನೆಂಟರಿಷ್ಟರೆಲ್ಲ ಮೂಗು ಮುರಿದರು. ನಾಗರಬಾವಿಯಲ್ಲಿ ಒಳ್ಳೆಯ ಫ್ಲ್ಯಾಟ್ ಬಿಟ್ಟು ಈ ಪಾಳು ಕಟ್ಟಡವೇ ಬೇಕಿತ್ತೇ ಅಂತ. ಆದರೆ ಸೌಂದರ್ಯಾಳಿಗೆ ಕಲ್ಲಿನ ಹುಚ್ಚು. ಕಲ್ಲಿನ ಕಂಬ, ಕಲ್ಲಿನ ಚಾವಣಿ, ರಸ್ತೆಯ ಕಡೆ ಉದ್ದಕ್ಕೂ ಮೊಣಕಾಲೆತ್ತರದ ಜಗಲಿ. ಹಿಂದೆ ಗಾಡಿ ಹೊಡೆಯುವವರು, ಸಂತೆಗೆ ನಡೆದು ಬಂದವರು, ಸುಂಕದ ಗೇಟು ಮುಚ್ಚಿದ ಮೇಲೆ ತಲುಪಿದವರು ಅಲ್ಲೇ ಮಲಗಿ, ಬೆಳಕು ಹರಿಯುತ್ತಲೇ ಎದ್ದು ಹೋಗುತ್ತಿದ್ದರಂತೆ. ಆಮೇಲೆ ಛತ್ರ ರಾಗಿಯ ಉಗ್ರಾಣವಾಯಿತು, ಸೊಸೈಟಿ ಅಂಗಡಿಯಾಯಿತು, ಕಡೆಗೆ ಬಾಗಿಲು ಬಿದ್ದು ಪಾಳಾಯಿತು. ಜಗಲಿ ಮಾತ್ರ ಯಾವ ಕಾಲಕ್ಕೂ ದಾರಿಹೋಕರದೇ ಆಗಿತ್ತು.

ಒಳಾಂಗಣದ ಕೆಲಸ ವಹಿಸಿಕೊಂಡಿದ್ದ ದರ್ಶನ್ ಅದನ್ನು ನೋಡಿ ಲೊಚಗುಟ್ಟಿದ. "ಮೇಡಂ, ಇಷ್ಟು ಜಾಗ ಸುಮ್ನೆ ರೋಡಿಗೆ ಬಿಟ್ಬಿಡ್ತೀರಾ? ಜಗಲಿ ಆಚೆಗೊಂದು ಗೋಡೆ ಎಬ್ಬಿಸಿದ್ರೆ ಹಾಲ್ ಎಷ್ಟು ದೊಡ್ಡದಾಗತ್ತೆ ನೋಡಿ."

ಗೋಡೆ ಎದ್ದಿತು, ಬಾಗಿಲು ಮನೆಯ ಪಕ್ಕಕ್ಕೆ ಹೋಯಿತು, ಜಗಲಿಯ ಹಿಂದಿನ ಹಳೇ ಗೋಡೆಯನ್ನು ಒಡೆಸಿದರು. ಹಳೇ ಬಾಗಿಲಿನ ಕಲ್ಲಿನ ಹೊಸಲು ನೆಲ ಒರೆಸುವ ಮೆಷಿನ್ನಿಗೆ ಅಡ್ಡ ಬರುತ್ತದೆಂದು ಅದನ್ನೂ ಕೀಳಿಸಿ ನುಣ್ಣಗೆ ಟೈಲ್ಸ್ ಹಾಕಿಸಿದರು. ಅದು ಸೌಂದರ್ಯಾಳದೇ ಐಡಿಯಾ. ದರ್ಶನ್‌ನ ತಲೆಗೆ ಕಟ್ಟುವ ಹಾಗಿಲ್ಲ. ಜಗಲಿಯ ಒಂದು ತುದಿಯಲ್ಲಿ ಮೆತ್ತೆ ಹಾಸಿ, ಏಳು ವರ್ಷದ ಮಗಳು ವಚನಾಳಿಗೆ ಓದಲು, ಮಲಗಲು ಅಲ್ಲೇ ಜಾಗ ಮಾಡಿಕೊಟ್ಟರು.

ಮೊದಲು ಗೊತ್ತಾದದ್ದು ಬಿಸಿ. ಬೆಳಿಗ್ಗೆ ಗುಡಿಸುವಾಗ ಕೈಯಿಟ್ಟರೆ ಜಗಲಿಯ ಕಲ್ಲು ಆಗಷ್ಟೇ ಯಾರೋ ಎದ್ದು ಹೋದ ಹಾಸಿಗೆಯ ಹಾಗೆ ಬೆಚ್ಚಗಿರುತ್ತಿತ್ತು. ಆಳುದ್ದ ಬೆಚ್ಚಗೆ, ಗೇಣಗಲ ತಣ್ಣಗೆ, ಮತ್ತೆ ಆಳುದ್ದ ಬೆಚ್ಚಗೆ.

"ಬಿಸಿಲಿಗೆ ಕಾದಿರತ್ತೆ ಕಣೇ," ಎಂದ ಉದಯಕುಮಾರ್.

"ಸೂರ್ಯ ಹುಟ್ಟೋಕೆ ಮುಂಚೆ ಎಲ್ಲಿಯ ಬಿಸಿಲು ರೀ?"

ಆಮೇಲೆ ನಸುಕಿನ ಹೊತ್ತಿಗೆ ಹೊಸ ಗೋಡೆಯನ್ನು ಒಳಗಿನಿಂದ ಸವರುವ ಸದ್ದು ಶುರುವಾಯಿತು. ಕತ್ತಲಲ್ಲಿ ಬಾಗಿಲು ಹುಡುಕುವವರ ಅಂಗೈ ಸದ್ದು. ಒಂದು ಜೊತೆಯಲ್ಲ, ಹಲವು.

ಅದನ್ನೂ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳೇನೋ. ಆದರೆ ಒಂದು ದಿನ ವಚನಾ ಸ್ಕೂಲ್ ಬ್ಯಾಗಿನಿಂದ ಪುಸ್ತಕಗಳನ್ನೆಲ್ಲ ತೆಗೆದಿಟ್ಟು ಬಟ್ಟೆ ತುಂಬುತ್ತಿದ್ದಳು.

"ಎಲ್ಲಿಗ್ ಹೊರಟೆ ಪುಟ್ಟಾ?"

"ದಾರಿ ಬಿಟ್ಟ ತಕ್ಷಣ ಹೋಗ್ತೀವಿ. ಇಲ್ಲಿ ಮಲಗಿದೋರು ಬೆಳಿಗ್ಗೆ ಹೊರಡ್ಲೇಬೇಕಂತೆ."

"ಹೋಗ್ತೀವಿ ಅಂದ್ರೆ? ಯಾರ್ಯಾರು?"

"ಎಲ್ಲಾರೂ ಅಮ್ಮಾ. ನಾನೂ ಇಲ್ಲೇ ಮಲಗ್ತೀನಲ್ಲ."

ಸೌಂದರ್ಯಾ ಬ್ಯಾಗನ್ನು ಕಿತ್ತುಕೊಂಡು ಮೇಲಿಟ್ಟಳು. ಅಂದೇ ಮಗಳನ್ನು ವಿಜಯನಗರದ ಅಕ್ಕನ ಮನೆಗೆ ಕರೆದುಕೊಂಡು ಹೋಗಿ ಮಲಗಿಸಿದಳು. ಬೆಳಿಗ್ಗೆ ಒಬ್ಬಳೇ ವಾಪಸ್ಸು ಬಂದು ನೋಡಿದರೆ ಜಗಲಿಯ ಮೆತ್ತೆ ಏಳು ವರ್ಷದ ಮಗುವಿನ ಅಳತೆಗೆ ತಗ್ಗಾಗಿ ಬೆಚ್ಚಗಿತ್ತು. ಎಲ್ಲಿಗೆ ಕರೆದೊಯ್ದರೂ ಮಗು ಇಲ್ಲಿಯದೇ ಆಗಿಬಿಟ್ಟಿತ್ತು.

ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಹಳೇ ಊರಿನವರು. ಅವರ ಅತ್ತೆ ಇರುವಷ್ಟು ದಿನ ಆ ಜಗಲಿ ಗುಡಿಸಿ, ದಾರಿಹೋಕರಿಗೆಂದು ಒಂದು ಕೊಡ ನೀರಿಡುತ್ತಿದ್ದರಂತೆ. ಸೌಂದರ್ಯಾ ಹೇಳಿದ್ದನ್ನೆಲ್ಲ ಕೇಳಿ ಆಕೆ ಬಾಯಿಗೆ ಸೆರಗು ಒತ್ತಿಕೊಂಡರು.

"ಜಗಲಿ ಮನೆಯೋರ್ದಲ್ಲ ಕಣವ್ವ, ದಾರೀಲಿ ಹೋಗೋರ್ದು. ಮಲಗಿದ್ದೋರ್ನ ಹಂಗೇ ಸೇರಿಸಿ ಗೋಡೆ ಕಟ್ಬಿಟ್ಟಿದೀರ. ಅವರು ಎತ್ಲಾಗ್ ಹೋಗ್ಬೇಕು?"

"ನನ್ ಮಗೂನೂ ಅವರ ಜೊತೆ ಹೊರಟಿದೆ ಆಂಟಿ."

"ಗೋಡೆ ಒಡ್ಸಿ, ಅವರ್ನ ಬಿಟ್ಬಿಡಿ. ಆದ್ರೆ ಒಡೆಯೋವಾಗ ಮಗೂನ ಹೊಸಲಿಂದ ಒಳಗೆ ಇಟ್ಕಳಿ. ಹೊಸಲಿಂದ ಒಳಗಿದ್ದೋರು ಮನೆಯೋರು, ಹೊರಗಿದ್ದೋರು ದಾರಿಯೋರು. ಅಷ್ಟೇ ಲೆಕ್ಕ."

ಹೊಸಲನ್ನು ಕೀಳಿಸಿದ್ದೇನೆ ಎಂದು ಹೇಳಲು ಸೌಂದರ್ಯಾಳಿಗೆ ಬಾಯಿ ಬರಲಿಲ್ಲ. ನಾಚಿಕೆ ನೋಡಿ, ಎಂಥ ಹೊತ್ತಿನಲ್ಲಿ ಬರುತ್ತದೆ!

ಮಾರನೆಯ ಬೆಳಿಗ್ಗೆ ಉದಯಕುಮಾರ್ ಗಾರೆಯವರನ್ನು ಕರೆತಂದು ರಸ್ತೆಯಲ್ಲಿ ನಿಂತ. ವಾಪಸ್ಸು ಕರೆತಂದಿದ್ದ ವಚನಾಳನ್ನು ಮಡಿಲಲ್ಲಿ ಕೂರಿಸಿಕೊಂಡು ಸೌಂದರ್ಯಾ ಒಳಗೆ ಕೂತಳು. ಎಲ್ಲಿ ಒಳಗೆ? ಟೈಲ್ಸ್ ಈ ಗೋಡೆಯಿಂದ ಆ ಗೋಡೆಗೆ ಒಂದೇ ಸಮ ಹರಡಿತ್ತು. ಆ ಕಂಬದ ಹತ್ತಿರ ಇತ್ತಲ್ಲವೇ ಹೊಸಲು? ಅಂದಾಜಿನ ಮೇಲೆ ಜಾಗ ಗುರುತಿಸಿ, ಅಲ್ಲಿಂದ ಒಂದು ಮಾರು ಹಿಂದಕ್ಕೆ ಸರಿದು, ಎರಡೂ ಕೈಯಲ್ಲಿ ಮಗಳನ್ನು ಬಿಗಿಯಾಗಿ ಅವಚಿಕೊಂಡಳು.

ಸುತ್ತಿಗೆ ಏಟಿಗೆ ಗೋಡೆಯಲ್ಲಿ ತೂತು ಬಿದ್ದಿತು. ಗಾಳಿ ಹೊರಗಿನಿಂದ ಒಳಗೆ ಬರಲಿಲ್ಲ. ಒಳಗಿನಿಂದ ಹೊರಗೆ ಹೋಯಿತು. ಬೆವರು, ಎತ್ತಿನ ಸಗಣಿ, ಸುಟ್ಟ ರಾಗಿ ರೊಟ್ಟಿಯ ವಾಸನೆ. ಅವಳ ಮೊಣಕಾಲಿಗೆ ಪಂಚೆಗಳು, ಸೀರೆಯ ಅಂಚುಗಳು ಒಂದೊಂದಾಗಿ ತಾಗಿಕೊಂಡು ಮುಂದೆ ಹೋದವು. ಮಡಿಲಲ್ಲಿ ವಚನಾ ಒಮ್ಮೆ ಹಗುರಾದಳು. ಸೌಂದರ್ಯಾ ಕಿರುಚಿಕೊಂಡು ಇನ್ನೂ ಬಿಗಿಯಾಗಿ ಹಿಡಿದಳು. ಸ್ವಲ್ಪ ಹೊತ್ತಿಗೆ ಮಗು ಮತ್ತೆ ಭಾರವಾಯಿತು.

ಗೋಡೆ ಪೂರ್ತಿ ಬಿದ್ದಾಗ ಬಿಎಂಟಿಸಿ ಬಸ್ಸು, ಹೂವಿನ ಗಾಡಿ ಎಲ್ಲ ಕಾಣಿಸಿದವು. ಜಗಲಿ ತಣ್ಣಗಿತ್ತು. ಮಗಳು ಮಡಿಲಲ್ಲೇ ಇದ್ದಳು. ಸೌಂದರ್ಯಾ ಅಳುತ್ತಾ ನಕ್ಕಳು. "ಮುಗೀತು ಪುಟ್ಟಾ, ಎಲ್ಲಾ ಮುಗೀತು."

ಏಳಲೆಂದು ಹಿಂದಕ್ಕೆ ಕೈಯೂರಿದಾಗ ಟೈಲ್ಸ್ ಅಲುಗಿತು. ಸುತ್ತಿಗೆಯ ಅದುರಿಗೆ ಅದು ಉದ್ದಕ್ಕೆ ಬಿರುಕು ಬಿಟ್ಟಿತ್ತು. ಬಿರುಕಿನ ಕೆಳಗೆ ಹೊಸಲು ಕಿತ್ತ ಗುಣಿ, ಅವಳ ಬೆನ್ನ ಹಿಂದೆ. ಅವಳು ಕೂತಿದ್ದದ್ದು ಹೊರಗೆ.

ಮಗು ಕಣ್ಣು ಬಿಟ್ಟು, ಗುರುತಿಲ್ಲದವರನ್ನು ನೋಡುವ ಹಾಗೆ ಅವಳ ಮುಖವನ್ನು ನೋಡಿತು.

"ನಿದ್ದೆ ಬಂದ್ಬಿಡ್ತು ತಾಯಿ. ನಮ್ಮೋರೆಲ್ಲಾ ಹೊರಟೋದ್ರಾ? ಮಾಗಡಿ ಇನ್ನೂ ಎಷ್ಟ್ ದೂರ ಐತೆ?"

"ವಚನಾ!"

ಸೌಂದರ್ಯಾ ಕೂಗಿದ ಕೂಗಿಗೆ ಗಾರೆಯವರ ಕೈ ನಿಂತಿತು. ಮಡಿಲಲ್ಲಿದ್ದ ಮಗು ಆ ಹೆಸರಿಗೆ ಓಗೊಡಲಿಲ್ಲ. ರಸ್ತೆಯಲ್ಲಿ, ಬಸ್ಸುಗಳ ಸದ್ದಿನ ಆಚೆ, ಆಗಲೇ ಬಹಳ ದೂರ ಹೋಗಿಬಿಟ್ಟಿದ್ದ ಪುಟ್ಟ ದನಿಯೊಂದು ಖುಷಿಯಾಗಿ ಕೂಗಿ ಹೇಳಿತು:

"ಬರ್ತೀನಮ್ಮಾ!"